ಜಾವಾದ ಫ್ರಾಂಟಾ

ಫ್ರಾಂಟಿಶೆಕ್ ಶ್ಟ್ಯಾಸ್ಟ್ನಿ ಜಾವಾ ಕಾರ್ಖಾನೆಯ ರೇಸ್ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದ ರಸ್ತೆ ಓಟಗಾರ. 1927ರ ನವೆಂಬರ್ 12ರಂದು ಅಂದಿನ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಅವರು ತೀರಿಕೊಂಡದ್ದು 2000ದ ಏಪ್ರಿಲ್ 8ರಂದು. ಚೆಕ್ ಭಾಷೆಯಲ್ಲಿ ಶ್ಟ್ಯಾಸ್ಟ್ನಿ ಎಂದರೆ ಸುಖಿ, ಅದೃಷ್ಟವಂತ. ನಮ್ಮಲ್ಲಿ ಶ್ರೀನಿವಾಸ ಎಂಬವನು ಸೀನನಾಗುವಂತೆ ಅಲ್ಲಿ ಫ್ರಾಂಟಿಶೆಕ್ ಎಂಬವನು ಫ್ರಾಂಟಾ ಆಗುತ್ತಾನೆ. ಇಂಗ್ಲೆಂಡಿನ ಪತ್ರಿಕೆಗಳೂ ಅವರನ್ನು ಫ್ರಾಂಟಾ ಎಂದೇ ಕರೆದವು. ಮೈಸೂರಿನಲ್ಲಿ ತಯಾರಾಗಿ, ಕೆಂಗೇರಿಯ ಮೇಲೆ ಹಾದು, ಬೆಂಗಳೂರಿನ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಎಷ್ಟೋ ಮನೆಗಳಲ್ಲಿ ಮನೆಮಂದಿಯಂತೆಯೇ ಉಳಿದುಕೊಂಡ ಗಾಡಿಯ ಟ್ಯಾಂಕಿನ ಮೇಲೆ ಯಾವ ಹೆಸರಿತ್ತೋ, ಅದೇ ಹೆಸರಿನ ಗಾಡಿಯನ್ನು ಅವರು ಯುರೋಪಿನ ರಸ್ತೆಗಳಲ್ಲಿ ಓಡಿಸಿ ಗೆದ್ದರು. ಇಲ್ಲಿ ಜಾವಾ ಬಲ್ಲವರು ಬಹಳ. ಫ್ರಾಂಟಾನನ್ನು ಬಲ್ಲವರು ಕಡಿಮೆ.

ಜಾವಾ ಎಂಬುದು ಎರಡು ಹೆಸರುಗಳ ಕೂಡಿಕೆ. ಪ್ರಾಗಿನಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಒಂದು ಮೋಟಾರ್‌ಸೈಕಲ್ಲಿನ ವಿನ್ಯಾಸವನ್ನೂ ತಯಾರಿಕೆಯ ಹಕ್ಕನ್ನೂ ಕೊಂಡರು. ತಮ್ಮ ಹೆಸರಿನ ಮೊದಲ ಎರಡು ಅಕ್ಷರ, ಆ ಕಂಪನಿಯ ಹೆಸರಿನ ಮೊದಲ ಎರಡು ಅಕ್ಷರ ಸೇರಿಸಿ ಗಾಡಿಗೆ ಹೆಸರಿಟ್ಟರು. ಚೆಕ್ಕರು ಅದನ್ನು 'ಯಾವಾ' ಎನ್ನುತ್ತಾರೆ. ರೋಮನ್ ಅಕ್ಷರ ನೋಡಿ ಓದಿದ ನಾವು ಜಾವಾ ಎಂದೆವು, ಅದೇ ನಿಂತಿತು. ಮೊದಲ ಗಾಡಿ 500 ಸಿಸಿಯದು. ಬೆಲೆ ಜನರ ಕೈಗೆ ಎಟುಕುವಂತಿರಲಿಲ್ಲ. 1932ರಲ್ಲಿ ಬಂದ 175 ಸಿಸಿಯ ಅಗ್ಗದ ಗಾಡಿ ಕಂಪನಿಯನ್ನು ಉಳಿಸಿತು. ಎರಡನೇ ಮಹಾಯುದ್ಧದಲ್ಲಿ ದೇಶ ಜರ್ಮನ್ನರ ಕೈಯಲ್ಲಿದ್ದಾಗ ಕಾರ್ಖಾನೆಯ ಎಂಜಿನಿಯರುಗಳು ಗುಟ್ಟಾಗಿ ಹೊಸ 250 ಸಿಸಿ ಗಾಡಿಯೊಂದನ್ನು ರೂಪಿಸಿದರು. ಯುದ್ಧ ಮುಗಿದೊಡನೆ, 1946ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಅಷ್ಟರಲ್ಲಿ ಕಾರ್ಖಾನೆ ಸರಕಾರದ ವಶಕ್ಕೆ ಹೋಗಿತ್ತು. ಫ್ರಾಂಟಾ ಸೇರಿದ ರೇಸ್ ತಂಡ ಹೀಗೆ ಸರಕಾರಿ ಕಾರ್ಖಾನೆಯೊಂದರ ತಂಡ. ಇಟಲಿಯ ಎಂವಿ ಅಗುಸ್ತಾಗೆ ಶ್ರೀಮಂತ ಮನೆತನದ ಬೆಂಬಲವಿತ್ತು, ಜಪಾನಿನ ಹೋಂಡಾಗೆ ಬೆಳೆಯುತ್ತಿದ್ದ ಮಾರುಕಟ್ಟೆಯ ಹಣವಿತ್ತು. ಜಾವಾಗೆ ಇದ್ದದ್ದು ಕೆಲವೇ ಜನ ನುರಿತ ಕೆಲಸಗಾರರು, ಅಷ್ಟೇ ಕೆಲವು ಎಂಜಿನ್ನುಗಳು.

ಇಲ್ಲಿಯ ಓದುಗರು ಒಂದು ಮಾತನ್ನು ಗಮನಿಸಬೇಕು. ನಮ್ಮ ರಸ್ತೆಯ ಜಾವಾ ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಗಾಡಿ, ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಫ್ರಾಂಟಾ ಹೆಸರು ಮಾಡಿದ್ದು ಬೇರೆಯೇ ಜಾತಿಯ ಜಾವಾದ ಮೇಲೆ: 350 ಸಿಸಿ, ಅಕ್ಕಪಕ್ಕ ಎರಡು ಸಿಲಿಂಡರ್, ಫೋರ್ ಸ್ಟ್ರೋಕ್, ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್. ಅದು ಅಂಗಡಿಯಲ್ಲಿ ಮಾರಾಟಕ್ಕಿದ್ದ ಗಾಡಿಯಲ್ಲ. ರೇಸಿಗೆಂದೇ ಕೈಯಿಂದ ಕಟ್ಟಿದ್ದು. ಎದುರಾಳಿ ಎಂವಿ ಅಗುಸ್ತಾಗೆ ನಾಲ್ಕು ಸಿಲಿಂಡರು. ನೇರ ರಸ್ತೆಯಲ್ಲಿ ನಾಲ್ಕು ಸಿಲಿಂಡರಿನ ಗಾಡಿಯನ್ನು ಹಿಡಿಯುವುದು ಎರಡು ಸಿಲಿಂಡರಿನ ಗಾಡಿಗೆ ಆಗದ ಮಾತು. ತಿರುವಿನಲ್ಲಿ ಹಿಡಿಯಬೇಕು, ಬ್ರೇಕನ್ನು ಒಂದು ಗಳಿಗೆ ತಡವಾಗಿ ಒತ್ತಬೇಕು, ಗಾಡಿ ಕೊನೆ ಮುಟ್ಟುವಂತೆ ಎಂಜಿನ್ನನ್ನು ಕಾಯ್ದುಕೊಳ್ಳಬೇಕು. ಈ ಮೂರನೆಯ ಗುಣವೇ ಫ್ರಾಂಟಾನನ್ನು ದೊಡ್ಡವರ ಸಾಲಿಗೆ ಸೇರಿಸಿತು.

1961 ಅವರ ಅತ್ಯುತ್ತಮ ವರ್ಷ. ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್ಪಿನ 350 ಸಿಸಿ ವಿಭಾಗದಲ್ಲಿ ಹೊಕೆನ್‌ಹೈಮಿನ ಪಶ್ಚಿಮ ಜರ್ಮನಿ ಗ್ರ್ಯಾಂಡ್ ಪ್ರಿಯನ್ನೂ ಕ್ರಿಸ್ಟಿಯನ್‌ಸ್ಟಾಡಿನ ಸ್ವೀಡನ್ ಗ್ರ್ಯಾಂಡ್ ಪ್ರಿಯನ್ನೂ ಅವರು ಗೆದ್ದರು. ವರ್ಷದ ಕೊನೆಗೆ ಎಂವಿ ಅಗುಸ್ತಾದ ಗ್ಯಾರಿ ಹಾಕಿಂಗ್ ಮೊದಲ ಸ್ಥಾನದಲ್ಲಿದ್ದರು, ಫ್ರಾಂಟಾ ಎರಡನೆಯವರು, ಅವರದೇ ತಂಡದ ಗುಸ್ತಾವ್ ಹಾವೆಲ್ ಮೂರನೆಯವರು. ಜಗತ್ತಿನ ಮೊದಲ ಮೂವರಲ್ಲಿ ಇಬ್ಬರು ಜಾವಾದವರು.

ಮೈಸೂರಿನಲ್ಲಿ ಮೊದಲ ಜಾವಾ ಹೊರಬಂದದ್ದೂ 1961ರಲ್ಲೇ. ಮುಂಬಯಿಯಲ್ಲಿ ಜಾವಾ ಆಮದು ಮಾಡಿ ಮಾರುತ್ತಿದ್ದ ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ, ಆಮದಿಗೆ ಕಟ್ಟುನಿಟ್ಟು ಬಂದಾಗ ಇಲ್ಲೇ ತಯಾರಿಸುವ ಯೋಚನೆ ಮಾಡಿ, ಚೆಕ್ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಫ್ರಾಂಟಾ ಹೊಕೆನ್‌ಹೈಮಿನಲ್ಲಿ ಗೆದ್ದ ಸುದ್ದಿ ಅಂದಿನ ಮೈಸೂರಿನಲ್ಲಿ ಎಷ್ಟು ಜನರಿಗೆ ಮುಖ್ಯವಾಗಿತ್ತು ಎಂಬುದು ಬೇರೆ ಮಾತು. ಇಲ್ಲಿಯವರಿಗೆ ಬೇಕಾಗಿದ್ದುದು ಇಬ್ಬರು ಕೂತು, ಮುಂದೊಂದು ಮಗು ಕೂರಿಸಿಕೊಂಡು, ಹಿಂದೆ ಅಕ್ಕಿ ಮೂಟೆ ಕಟ್ಟಿಕೊಂಡು ಹೋಗುವ ಗಾಡಿ. ಆ ಕೆಲಸಕ್ಕೆ ಜಾವಾ ಹೇಳಿ ಮಾಡಿಸಿದಂತಿತ್ತು.

ಆ ಗಾಡಿಯ ಎಡಪಕ್ಕದ ಒಂದೇ ಲಿವರು ಗೇರೂ ಹೌದು, ಕಿಕ್ಕರೂ ಹೌದು. ಗೇರ್ ಬದಲಿಸುವ ಲಿವರನ್ನು ಪಾದದಿಂದ ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರೆ ಅದೇ ಕಿಕ್ಕರ್. ಒದ್ದು ಎಂಜಿನ್ ಹೊತ್ತಿಕೊಂಡ ಮೇಲೆ ಅದನ್ನು ಮತ್ತೆ ಮುಂದಕ್ಕೆ ತಂದು ಬಿಟ್ಟರೆ ಗೇರ್. ಹೊಸಬರು ಗಾಡಿಯ ಮುಂದೆ ನಿಂತು ಕಿಕ್ಕರ್ ಎಲ್ಲಿ ಎಂದು ಹುಡುಕುವುದು, ಯಜಮಾನರು ಬಂದು ಒಂದೇ ಒದೆತಕ್ಕೆ ಎಬ್ಬಿಸುವುದು ಆ ಕಾಲದ ಬೀದಿಗಳಲ್ಲಿ ದಿನದ ದೃಶ್ಯ. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು, ಅದರ ಡುಬ್ ಡುಬ್ ಶಬ್ದ, ಸುಟ್ಟ ಎಣ್ಣೆಯ ವಾಸನೆ. ಗಾಡಿ ತಿರುವಿನಲ್ಲಿ ಕಾಣಿಸುವ ಮೊದಲೇ ಯಾರು ಬಂದರೆಂದು ಮನೆಯವರಿಗೆ ಗೊತ್ತಾಗುತ್ತಿತ್ತು.

ಕ್ರಿಸ್ಟಿಯನ್‌ಸ್ಟಾಡಿಗೆ ಮರಳೋಣ. 1961ರ ಸೆಪ್ಟೆಂಬರಿನಲ್ಲಿ ಫ್ರಾಂಟಾ ಗೆದ್ದ ಆ ಸ್ವೀಡನ್ ಕೂಟದಲ್ಲೇ ಮೋಟಾರ್‌ಸೈಕಲ್ ಚರಿತ್ರೆಯ ದಿಕ್ಕು ಬದಲಿಸಿದ ಇನ್ನೊಂದು ಘಟನೆ ನಡೆಯಿತು. ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ಸವಾರ ಅರ್ನ್‌ಸ್ಟ್ ಡೆಗ್ನರ್ 125 ಸಿಸಿ ರೇಸಿನಲ್ಲಿ ಎಂಜಿನ್ ಕೆಟ್ಟು ಹೊರಬಿದ್ದು, ಅಲ್ಲಿಂದ ಊರಿಗೆ ಮರಳದೆ ಪಶ್ಚಿಮಕ್ಕೆ ತಪ್ಪಿಸಿಕೊಂಡರು. ಬರ್ಲಿನ್ ಗೋಡೆ ಎದ್ದು ಒಂದೇ ತಿಂಗಳಾಗಿತ್ತು. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಲಾಗಿತ್ತು. ಎಂಜೆಡ್‌ನ ಎಂಜಿನಿಯರ್ ವಾಲ್ಟರ್ ಕಾಡೆನ್ ವರ್ಷಗಟ್ಟಲೆ ಕೂತು ಕಂಡುಕೊಂಡ ವಿದ್ಯೆ ಡೆಗ್ನರ್ ಜತೆ ಜಪಾನಿನ ಸುಜುಕಿಗೆ ಹೋಯಿತು. ಸೈಲೆನ್ಸರಿನ ಹೊಟ್ಟೆಯನ್ನು ಒಂದು ಲೆಕ್ಕದಲ್ಲಿ ಉಬ್ಬಿಸಿ ಮತ್ತೆ ಕಿರಿದು ಮಾಡಿದರೆ, ಹೊರಹೋದ ಹೊಗೆಯ ಒತ್ತಡದ ಅಲೆ ತಿರುಗಿ ಬಂದು, ಸುಡದೆ ಸೋರಿಹೋಗುತ್ತಿದ್ದ ಪೆಟ್ರೋಲ್ ಗಾಳಿಯನ್ನು ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಸಣ್ಣ ಟೂ ಸ್ಟ್ರೋಕ್ ಎಂಜಿನ್ನಿನಿಂದ ದೊಡ್ಡ ಶಕ್ತಿ ತೆಗೆಯುವ ಗುಟ್ಟು ಇದು. 1962ರಲ್ಲೇ ಡೆಗ್ನರ್ ಸುಜುಕಿಗೆ 50 ಸಿಸಿ ವಿಶ್ವ ಪಟ್ಟ ಗೆದ್ದುಕೊಟ್ಟರು. ಈ ವಿದ್ಯೆ ಮುಂದೆ ಜಾವಾವನ್ನೂ ಕಾಡಿತು, ಮೈಸೂರನ್ನೂ ಕಾಡಿತು.

1962ರ ಜೂನಿನಲ್ಲಿ ಫ್ರಾಂಟಾ ಐಲ್ ಆಫ್ ಮ್ಯಾನ್ ದ್ವೀಪದ ಜೂನಿಯರ್ ಟಿಟಿ ಎಂಬ ಓಟದಲ್ಲಿ ಓಡಿದರು. ಇಂಗ್ಲೆಂಡ್ ಮತ್ತು ಐರ್ಲೆಂಡಿನ ನಡುವಿನ ಆ ದ್ವೀಪದಲ್ಲಿ ಊರು, ಸೇತುವೆ, ಕಲ್ಲಿನ ಗೋಡೆ, ಬೆಟ್ಟ ಎಲ್ಲ ದಾಟಿ ಬರುವ ಸಾರ್ವಜನಿಕ ರಸ್ತೆಯೇ ಟ್ರ್ಯಾಕ್. ಒಂದು ಸುತ್ತಿಗೆ 60 ಕಿಲೋಮೀಟರಿಗೂ ಹೆಚ್ಚು. ಕೆಂಗೇರಿಯಿಂದ ಹೊರಟರೆ ಮದ್ದೂರಿನ ಹತ್ತಿರಕ್ಕೆ ಬಂದಂತೆ. ಅಂಥ ಆರು ಸುತ್ತು. ಅಂದರೆ ಕೆಂಗೇರಿಯಿಂದ ಮೈಸೂರಿಗೆ ಹೋಗಿ, ವಾಪಸು ಬಂದು, ಮತ್ತೆ ಮಂಡ್ಯ ದಾಟುವಷ್ಟು ದೂರವನ್ನು ಪೂರ್ತಿ ವೇಗದಲ್ಲಿ, ಎರಡೂ ಪಕ್ಕ ಗೋಡೆ ಇರುವ ರಸ್ತೆಯಲ್ಲಿ ಓಡುವುದು. ಆ ಓಟದಲ್ಲಿ ಮೈಕ್ ಹೈಲ್‌ವುಡ್ ಗೆದ್ದರು, ಗ್ಯಾರಿ ಹಾಕಿಂಗ್ ಎರಡನೆಯವರು, ಫ್ರಾಂಟಾ ಮೂರನೆಯವರು. ಮುಂದಿದ್ದ ಇಬ್ಬರದೂ ಎಂವಿ ಅಗುಸ್ತಾ. ಅದೇ ಓಟದಲ್ಲಿ ಹೋಂಡಾದ ಆಸ್ಟ್ರೇಲಿಯನ್ ಸವಾರ ಟಾಮ್ ಫಿಲಿಸ್ ಬಿದ್ದು ಸತ್ತರು. ಗೆಳೆಯನ ಸಾವು ತಡೆಯಲಾಗದೆ ಹಾಕಿಂಗ್ ಮೋಟಾರ್‌ಸೈಕಲ್ ರೇಸನ್ನೇ ಬಿಟ್ಟು ಕಾರ್ ರೇಸಿಗೆ ಹೋದರು. ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕಾರ್ ಅಪಘಾತಕ್ಕೆ ಅವರೂ ಬಲಿಯಾದರು. ಫ್ರಾಂಟಾ ಓಡಿದ ಕಾಲ ಇಂಥದು. ಚರ್ಮದ ಉಡುಪು, ಕಿವಿಯ ಮೇಲಕ್ಕೆ ನಿಲ್ಲುವ ಬಟ್ಟಲಿನಂಥ ಹೆಲ್ಮೆಟ್, ಕನ್ನಡಕ. ಮೈಗೆ ಇದ್ದ ರಕ್ಷೆ ಅಷ್ಟೆ. ಅಂಥ ಹತ್ತಾರು ವರ್ಷಗಳ ಓಟ ಮುಗಿಸಿ ಎಪ್ಪತ್ತು ದಾಟುವವರೆಗೆ ಬದುಕಿದವರಿಗೆ ಶ್ಟ್ಯಾಸ್ಟ್ನಿ ಎಂಬ ಹೆಸರು ಸಲ್ಲುತ್ತದೆ.

ಆಮೇಲಿನ ವರ್ಷಗಳಲ್ಲಿ ಹೋಂಡಾದ ನಾಲ್ಕು ಸಿಲಿಂಡರಿನ ಗಾಡಿಗಳ ಮುಂದೆ ಜಾವಾ ಹಿಂದೆ ಬಿದ್ದಿತು. ಆದರೂ 1965ರಲ್ಲಿ ಉತ್ತರ ಐರ್ಲೆಂಡಿನ ಡಂಡ್ರಾಡಿನಲ್ಲಿ ನಡೆದ ಅಲ್‌ಸ್ಟರ್ ಗ್ರ್ಯಾಂಡ್ ಪ್ರಿಯ 350 ಸಿಸಿ ಓಟವನ್ನು ಫ್ರಾಂಟಾ ಗೆದ್ದರು. ಮರುವರ್ಷ ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗಿನಲ್ಲಿ 500 ಸಿಸಿ ಓಟವನ್ನೇ ಗೆದ್ದರು. ಅಲ್ಲಿ ಮುಂದಿದ್ದ ದೊಡ್ಡ ಹೆಸರಿನವರು ಕೊನೆ ಮುಟ್ಟಲಿಲ್ಲ, ಇವರ ಗಾಡಿ ಮುಟ್ಟಿತು. ಇದನ್ನು ಬರೀ ಅದೃಷ್ಟ ಎಂದು ತಳ್ಳಿಹಾಕುವುದು ಸರಿಯಲ್ಲ. ಕಡಿಮೆ ಶಕ್ತಿಯ ಗಾಡಿಯನ್ನು ಕೆಡದಂತೆ ಕೊನೆಯವರೆಗೆ ತರುವುದೂ ಗೆಲುವಿನ ವಿದ್ಯೆಯೇ. ಎಲ್ಲ ಸೇರಿ ವಿಶ್ವ ಚಾಂಪಿಯನ್‌ಶಿಪ್ ಓಟಗಳಲ್ಲಿ ಅವರ ಗೆಲುವು ನಾಲ್ಕು.

1960ರ ದಶಕದ ಕೊನೆಗೆ ಜಾವಾ ತನ್ನ ಫೋರ್ ಸ್ಟ್ರೋಕ್ ದಾರಿ ಬಿಟ್ಟು, ಕಾಡೆನ್ ತೋರಿದ ದಾರಿಗೆ ಬಂದಿತು. ಜ್ದೆನೆಕ್ ತಿಖಿ ಎಂಬ ಎಂಜಿನಿಯರ್ ನಾಲ್ಕು ಸಿಲಿಂಡರುಗಳನ್ನು ವಿ ಆಕಾರದಲ್ಲಿ ಜೋಡಿಸಿದ, ನೀರಿನಿಂದ ತಣಿಯುವ 350 ಸಿಸಿ ಟೂ ಸ್ಟ್ರೋಕ್ ಎಂಜಿನ್ ಕಟ್ಟಿದರು. ವೇಗದಲ್ಲಿ ಅದು ಎಂವಿ ಅಗುಸ್ತಾದ ಬೆನ್ನು ಹತ್ತಬಲ್ಲುದಾಗಿತ್ತು. ನಂಬಿಕೆಗೆ ಮಾತ್ರ ಅರ್ಹವಾಗಿರಲಿಲ್ಲ. 1968ರ ಕೊನೆಗೆ ಯಮಾಹಾ ರೇಸಿನಿಂದ ಹಿಂದೆ ಸರಿದಾಗ, ಆ ಕಂಪನಿಗೆ 1967ರಲ್ಲಿ 125 ಸಿಸಿ ವಿಶ್ವ ಪಟ್ಟ ಗೆದ್ದುಕೊಟ್ಟಿದ್ದ ಇಂಗ್ಲೆಂಡಿನ ಬಿಲ್ ಐವಿ ಕೆಲಸವಿಲ್ಲದೆ ನಿಂತಿದ್ದರು. ಜಾವಾ ಅವರನ್ನು ಕರೆಯಿತು. 1969ರಲ್ಲಿ ಹೊಕೆನ್‌ಹೈಮಿನಲ್ಲಿ, ಹಾಲೆಂಡಿನ ಆಸೆನ್‌ನಲ್ಲಿ ಐವಿ ಎಂವಿ ಅಗುಸ್ತಾದ ಜಾಕೊಮೊ ಅಗೋಸ್ಟಿನಿಯ ಹಿಂದೆ ಎರಡನೆಯವರಾಗಿ ಬಂದರು. ಜುಲೈ 12ರ ಶನಿವಾರ ಸಾಕ್ಸೆನ್‌ರಿಂಗಿನಲ್ಲಿ ಅಭ್ಯಾಸದ ಓಟ ನಡೆಯುತ್ತಿದ್ದಾಗ ಎಂಜಿನ್ ಸೀಜ್ ಆಯಿತು. ಐವಿ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡರು. ವಯಸ್ಸು 26.

ಸೀಜ್ ಎಂಬ ಮಾತು ನಮ್ಮ ಜಾವಾ ಓಡಿಸಿದ ಯಾರಿಗೂ ವಿವರಿಸಿ ಹೇಳಬೇಕಾದದ್ದಲ್ಲ. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜತೆ. ಲೀಟರಿಗೆ 40 ಮಿಲಿಲೀಟರ್ ಎಂಬುದು ಹಳಬರ ಲೆಕ್ಕ; ಬಂಕಿನಲ್ಲಿ ಎಣ್ಣೆ ಹಾಕಿಸಿಕೊಂಡು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಗಾಡಿಯನ್ನು ಅತ್ತ ಇತ್ತ ಕುಲುಕಿಸಿ ಬೆರೆಸುವುದು ಅವರ ಪದ್ಧತಿ. ವೇಗದಲ್ಲಿ ಹೋಗುತ್ತ ಎಕ್ಸಲರೇಟರ್ ಬಿಟ್ಟರೆ ಪೆಟ್ರೋಲ್ ನಿಲ್ಲುತ್ತದೆ, ಪೆಟ್ರೋಲ್ ನಿಂತರೆ ಎಣ್ಣೆಯೂ ನಿಲ್ಲುತ್ತದೆ, ಪಿಸ್ಟನ್ ಮಾತ್ರ ಅದೇ ವೇಗದಲ್ಲಿ ಮೇಲೆ ಕೆಳಗೆ ಓಡುತ್ತಲೇ ಇರುತ್ತದೆ. ಕಾದು ಹಿಗ್ಗಿದ ಪಿಸ್ಟನ್ ಸಿಲಿಂಡರಿನ ಗೋಡೆಯನ್ನು ಕಚ್ಚಿ ಹಿಡಿದರೆ ಹಿಂದಿನ ಚಕ್ರ ಅಲ್ಲೇ ಬಿಗಿದು ನಿಲ್ಲುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ಇಳಿಯುವಾಗ ಹಳಬರು ನಡುನಡುವೆ ಎಕ್ಸಲರೇಟರ್ ಒಂದಿಷ್ಟು ಕೊಡುತ್ತಿದ್ದುದು ಇದಕ್ಕೇ. ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲೆ. ಶಬ್ದ ಒಂದಿಷ್ಟು ಬಿಗಿಯಾದಂತೆ ಕೇಳಿಸಿದೊಡನೆ ಬೆರಳು ತಾವಾಗಿಯೇ ಕ್ಲಚ್ ಹಿಡಿಯುತ್ತವೆ. ಸಾಮಾನ್ಯ ವೇಗದಲ್ಲಿ ಅದಕ್ಕೆ ಸಮಯ ಸಿಗುತ್ತದೆ. ಸಾಕ್ಸೆನ್‌ರಿಂಗಿನ ವೇಗದಲ್ಲಿ, ನಾಲ್ಕರಲ್ಲಿ ಒಂದು ಸಿಲಿಂಡರ್ ಹಿಡಿದರೂ ಇಡೀ ಎಂಜಿನ್ ನಿಲ್ಲುವ ಗಾಡಿಯ ಮೇಲೆ, ಕಣ್ಣೆವೆಯಷ್ಟು ತಡವೂ ಬದುಕಿನ ಬೆಲೆ ಕೇಳುತ್ತದೆ.

ಐವಿ ಹೋದ ವರ್ಷವೇ ಇಟಲಿಯ ಸಿಲ್ವಿಯೋ ಗ್ರಾಸೆಟ್ಟಿ ಅದೇ ಮಾದರಿಯ ಜಾವಾದ ಮೇಲೆ ಯುಗೊಸ್ಲಾವಿಯಾ ಗ್ರ್ಯಾಂಡ್ ಪ್ರಿ ಗೆದ್ದರು. ಗಾಡಿಯಲ್ಲಿ ಸತ್ವ ಇತ್ತು ಎಂಬುದಕ್ಕೆ ಅದು ಸಾಕ್ಷಿ. ಆದರೆ ಅದನ್ನು ಹದಕ್ಕೆ ತರಲು ಬೇಕಾದ ಹಣ, ಸಮಯ ಎರಡೂ ಪ್ರಾಗಿನಲ್ಲಿರಲಿಲ್ಲ. ರಸ್ತೆ ಓಟದ ಜಾವಾ ಚರಿತ್ರೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಫ್ರಾಂಟಾ ಓಟ ನಿಲ್ಲಿಸಿದ ಮೇಲೆ ಟೆಲಿವಿಷನ್ನಿಗೆ ಹೋದರು. ಕಾರು, ಮೋಟಾರ್‌ಸೈಕಲ್‌ಗಳ ಕುರಿತ 'ಆಟೊ ಮೊಟೊ ರೆವ್ಯೂ' ಕಾರ್ಯಕ್ರಮದಿಂದಾಗಿ, ರೇಸ್ ನೋಡದ ಚೆಕ್ ಮನೆಗಳಿಗೂ ಅವರ ಮುಖ ಪರಿಚಯವಾಯಿತು.

ಇತ್ತ ಮೈಸೂರಿನಲ್ಲಿ ಗಾಡಿಯ ಹೆಸರು 1970ರ ದಶಕದಲ್ಲಿ ಯೆಜ್ಡಿ ಎಂದಾಯಿತು. ಇರಾನಿಗಳ ಪೂರ್ವಿಕರ ಊರು ಯಜ್ದ್‌ನ ನೆನಪು ಆ ಹೆಸರಿನಲ್ಲಿದೆ. 1978ರಲ್ಲಿ ರೋಡ್‌ಕಿಂಗ್ ಬಂತು. ದಕ್ಷಿಣದ ರೇಸ್ ಹುಚ್ಚಿನವರಿಗೆ ಆಗ ಕಾಶಿ ಎಂದರೆ ಮದ್ರಾಸಿನ ಹತ್ತಿರದ ಶೋಲಾವರಂ. ಎರಡನೇ ಮಹಾಯುದ್ಧದಲ್ಲಿ ಕಟ್ಟಿದ ವಿಮಾನಪಟ್ಟಿಯ ಮೇಲೆ, 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ಓಟ ನಡೆಸುತ್ತಿತ್ತು. ಮೈಸೂರು, ಬೆಂಗಳೂರಿನ ಗ್ಯಾರೇಜುಗಳಲ್ಲಿ ಪೋರ್ಟ್ ಅರೆದು, ಹೆಡ್ ಇಳಿಸಿ ಹದ ಮಾಡಿದ ಜಾವಾ, ಯೆಜ್ಡಿಗಳು ಅಲ್ಲಿ ಓಡಿದವು. ರೇಸ್ ಗಾಡಿಗಳ ಎಂಜಿನ್ ಬಿಚ್ಚುತ್ತಲೇ ಬೆಳೆದ ಮೈಸೂರಿನ ಸೋಮೇಂದರ್ ಸಿಂಗ್, ಸಿಲಿಂಡರ್ ಹೆಡ್ಡಿನೊಳಗೆ ಗೀರು ಕೊರೆಯುವ ತಮ್ಮ ವಿಧಾನಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಚೆಕ್ ಕಾರ್ಖಾನೆಯ ರೇಸ್ ವಿಭಾಗದಲ್ಲಿದ್ದ ಅರದ ಕೆಲಸವೇ ಇಲ್ಲೂ ನಡೆದದ್ದು. ಸಾಧನ ಮಾತ್ರ ಕಡಿಮೆ.

1984ರಲ್ಲಿ ಹೊಸೂರಿನಿಂದ ಇಂಡ್ ಸುಜುಕಿ ಬಂತು, ಮರುವರ್ಷ ಯಮಾಹಾ ಆರ್‌ಎಕ್ಸ್ 100. ಕ್ರಿಸ್ಟಿಯನ್‌ಸ್ಟಾಡಿನಿಂದ ಜಪಾನಿಗೆ ಹೋದ ಗುಟ್ಟು ಇಪ್ಪತ್ತಮೂರು ವರ್ಷಗಳ ಮೇಲೆ ಬೆಂಗಳೂರಿನ ಹೊಸ್ತಿಲಿಗೇ ಬಂದು ನಿಂತಿತು. 100 ಸಿಸಿಯ ಹಗುರ ಗಾಡಿ ಮೈಲೇಜಿನಲ್ಲಿ 250 ಸಿಸಿಯ ಯೆಜ್ಡಿಯನ್ನು ಬಹಳ ಹಿಂದೆ ಹಾಕಿತು, ಸಿಗ್ನಲ್ ಬಿಟ್ಟೊಡನೆ ಚಿಮ್ಮುವುದರಲ್ಲೂ ಬೆವರಿಳಿಸಿತು. ಮೈಸೂರಿನ ಎಂಜಿನ್ ಮೂಲತಃ 1950ರ ದಶಕದ್ದು. ಅದನ್ನು ಹೊಸದು ಮಾಡುವ ಕೆಲಸ ಪ್ರಾಗಿನಲ್ಲಿ ನಿಂತಂತೆ ಇಲ್ಲೂ ನಿಂತಿತ್ತು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ವಾಲ್ಟರ್ ಕಾಡೆನ್ ತೀರಿಕೊಂಡದ್ದೂ ಅದೇ ವರ್ಷ.

ಕಾರ್ಖಾನೆ ಹೋದರೂ ಗಾಡಿ ಹೋಗಲಿಲ್ಲ. ಅದನ್ನು ಉಳಿಸಿದ್ದು ಸಣ್ಣ ಲೇತ್ ಅಂಗಡಿಗಳು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಇಂಥ ಅಂಗಡಿಗಳು ಸಾಲುಸಾಲು. ಸೀಜ್ ಆದ ಸಿಲಿಂಡರ್ ಇಂಥಲ್ಲಿಗೆ ಬರುತ್ತದೆ. ಕೆಲಸಗಾರ ಅದನ್ನು ಬೆಳಕಿಗೆ ಹಿಡಿದು, ಒಳಗೋಡೆಯ ಮೇಲೆ ಹೆಬ್ಬೆರಳು ಆಡಿಸಿ ಗೀರಿನ ಆಳ ಅಳೆಯುತ್ತಾನೆ. ಕಾಲು ಮಿಲಿಮೀಟರಿನ ಕೆಲಸವೋ ಅರ್ಧದ್ದೋ ಎಂಬ ತೀರ್ಮಾನ ಆ ಬೆರಳಿನಲ್ಲೇ ಆಗುತ್ತದೆ. ಮೈಕ್ರೋಮೀಟರ್ ಆಮೇಲೆ ಅದನ್ನು ಖಚಿತ ಮಾಡುತ್ತದೆ. ಜೆ.ಸಿ. ರಸ್ತೆಯಲ್ಲಿ ಅಳತೆಗೆ ತಕ್ಕ ಪಿಸ್ಟನ್ ಹುಡುಕಿ ತಂದರೆ ಬೋರಿಂಗ್. ಕೂಡಿಸಿ ಒದ್ದರೆ ಗಾಡಿಗೆ ಮತ್ತೆ ಜೀವ. ಆಮೇಲಿನ ಕೆಲವು ನೂರು ಕಿಲೋಮೀಟರು ಮೆಲ್ಲಗೆ ಓಡಿಸು, ಎಣ್ಣೆ ಒಂದಿಷ್ಟು ಜಾಸ್ತಿ ಹಾಕು ಎಂಬ ಉಪದೇಶ ಕೇಳದೆ ಯಾರೂ ಅಲ್ಲಿಂದ ಹೊರಬರುವುದಿಲ್ಲ. 2018ರ ನವೆಂಬರಿನಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತು. ಆ ಹೊಸ ಗಾಡಿ ಫೋರ್ ಸ್ಟ್ರೋಕಿನದು, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಅಂದು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಹಳೆಯ ಜಾವಾ, ಯೆಜ್ಡಿಗಳು ಒರೆಸಿ ತೊಳೆದುಕೊಂಡು ಒಂದೆಡೆ ಸೇರುತ್ತವೆ. ಆ ಭಾನುವಾರ 8ರಿಂದ 14ರೊಳಗೆ ಬರುತ್ತದೆ. ಬಿಲ್ ಐವಿ ಜಾವಾದ ಮೇಲೆ ಸತ್ತ ಜುಲೈ 12 ಆ ವಾರದೊಳಗಿನ ದಿನ. ಗಾಡಿಗಳ ಎಂಜಿನ್ ಒಟ್ಟಿಗೆ ಎಬ್ಬಿಸುವ ಮೊದಲು ಅಲ್ಲಿ ಫ್ರಾಂಟಿಶೆಕ್ ಶ್ಟ್ಯಾಸ್ಟ್ನಿ, ಗುಸ್ತಾವ್ ಹಾವೆಲ್, ಬಿಲ್ ಐವಿ ಎಂಬ ಮೂರು ಹೆಸರುಗಳನ್ನು ಗಟ್ಟಿಯಾಗಿ ಓದಬೇಕು, 1961 ಎಂಬ ಇಸವಿಯನ್ನು ಮೈಸೂರಿನ ಕಾರ್ಖಾನೆಯ ಹೆಸರಿನ ಜತೆಗೆ ಫಲಕದ ಮೇಲೆ ಬರೆಯಬೇಕು ಎಂಬುದು ಇದನ್ನು ಓದಿದ ಎಲ್ಲ ಸವಾರರಲ್ಲೂ ಕೇಳಿಕೊಳ್ಳುವ ಮಾತು.